ಬೆಲ್ಟ್ ಇರುವ ಕಡೆಯಿಂದ ಒಂದು

ಟಿಕ್. ಒಂದೇ ಒಂದು, ಆಮೇಲೆ ಏನೂ ಇಲ್ಲ, ಮತ್ತೆ ಟಿಕ್, ಟಿಕ್ — ಬಚ್ಚಲ ನಲ್ಲಿ ಇರಬೇಕು, ಅಲ್ಲ, ನಲ್ಲಿಯನ್ನು ಮಲಗುವ ಮುಂಚೆ ಎರಡು ಸಲ ನೋಡಿಕೊಂಡೇ ಬಂದಿದ್ದೇನೆ, ಗ್ಯಾಸ್ ಒಂದು ಸಲ, ಹಿಂಬಾಗಿಲು ಒಂದು ಸಲ, ನಲ್ಲಿ ಎರಡು ಸಲ, ಅದೂ ಅಲ್ಲದೆ ನೀರಿನ ಹನಿಗೆ ಇಷ್ಟು ಒಣ ಸದ್ದು ಬರುವುದಿಲ್ಲ, ಇದು ಯಾರೋ ಗಾಜಿನ ಮೇಲೆ ಉಗುರು ತಟ್ಟಿದ ಹಾಗಿದೆ, ಗಡಿಯಾರವೂ ಅಲ್ಲ, ಗಡಿಯಾರಕ್ಕೆ ಲಯ ತಪ್ಪುವುದಿಲ್ಲ, ಇದಕ್ಕೆ ತಪ್ಪುತ್ತಿದೆ, ಮೂರು ಸಲ ಬೇಗ ಬೇಗ, ಒಂದು ಸಲ ತಡೆದು, ಮತ್ತೆ ಅದರ ಕೆಳಗೆ ಇನ್ನೊಂದು ಸದ್ದು, ಇಷ್ಟು ಹೊತ್ತು ಫ್ರಿಜ್ಜಿನದ್ದೆಂದುಕೊಂಡಿದ್ದ ಗುರ್ ಗುರ್ ಫ್ರಿಜ್ಜಿನದ್ದಲ್ಲ, ಅಂಗಳದಾಚೆಯ ಶೆಡ್ಡಿನದು, ಕುಂಟುತ್ತಿರುವ ಗುರ್ ಗುರ್, ಮೂರು ಹೆಜ್ಜೆ ಸರಿಯಾಗಿಟ್ಟು ನಾಲ್ಕನೆಯದನ್ನು ಎಳೆಯುವ ಮನುಷ್ಯನ ಹಾಗೆ — ನರ್ಸಕ್ಕನ ಕಾರು. ಎದ್ದು ಕೂತೆ. ನಡುಮನೆಯಲ್ಲಿ ಅಪ್ಪನ ಹಾಸಿಗೆ ಖಾಲಿ, ಹೊದಿಕೆ ಮಡಿಸಿ ತಲೆದಿಂಬಿನ ಮೇಲೆ ಇಟ್ಟಿದೆ, ಎದ್ದು ಹೋಗುವಾಗಲೂ ಹೊದಿಕೆ ಮಡಿಸುವ ಮನುಷ್ಯ, ಮನಸ್ಸಿನಲ್ಲಿ ಏನಿಟ್ಟುಕೊಂಡು ಎದ್ದಿದ್ದಾನೋ, ಬರಿಗಾಲಲ್ಲಿ ಹೋದನೋ, ಕಣ್ಣಿಗೆ ಹನಿ ಹಾಕಿಕೊಂಡಿದ್ದಾನೋ ಇಲ್ಲವೋ — ಆದರೆ ಟಿಕ್, ಮತ್ತೆ ಟಿಕ್, ಹಾಸಿಗೆಯಿಂದ ಕಾಲು ಕೆಳಗಿಟ್ಟವಳು ಹಾಗೆಯೇ ನಿಂತೆ, ಯಾಕೆಂದರೆ ಇದು ಅದೇ, ಮಧ್ಯಾಹ್ನದಿಂದ ಅಪ್ಪ ಹೇಳುತ್ತಿದ್ದುದು, ಯಾರಿಗೂ ಕೇಳಿಸದೆ ಅವನೊಬ್ಬನಿಗೇ ಕೇಳಿಸಿದ್ದು. ಇದೆ. ನಿಜವಾಗಿಯೂ ಇದೆ. ನನಗೂ ಕೇಳಿಸುತ್ತಿದೆ.

ಎದೆಯೊಳಗೆ ಮಧ್ಯಾಹ್ನದಿಂದ ಹಿಡಿದಿದ್ದ ಏನೋ ಒಂದು ಅರ್ಧ ಸಡಿಲವಾಯಿತು, ಅರ್ಧವಷ್ಟೇ, ಇನ್ನರ್ಧ ಶೆಡ್ಡಿನ ಬೀಗದ ಕೈಯ ಹತ್ತಿರ ಇದೆ, ಅಡುಗೆಮನೆಯ ಮೊಳೆಗೆ ನೇತಾಡಬೇಕಾದದ್ದು ರಾತ್ರಿ ಊಟದ ಮೇಜಿನ ಮೇಲೆ ಅಣ್ಣ ಕೂರುವ ಜಾಗದ ಮುಂದೆ ಬಿದ್ದಿತ್ತು, ಅಪ್ಪನೇ ತಂದಿಟ್ಟದ್ದು, ನೋಡಪ್ಪಾ, ಇಲ್ಲೇ ಇಟ್ಟಿದೀನಿ, ನಾಳೆ ಬೆಳಗ್ಗೆ ನರ್ಸಕ್ಕ ಬರೋ ಹೊತ್ತಿಗೆ ಆ ಕಾರು ನೆಟ್ಟಗೆ ಓಡದಿದ್ರೆ ನೀನೇ ಎತ್ಕೊಂಡು ಹೋಗು, ಶೆಡ್ಡನ್ನ ಯಾರಿಗೆ ಬೇಕಾದ್ರೂ ಬಾಡಿಗೆಗೆ ಕೊಡು, ನಾನು ಆ ಕಡೆ ತಲೆ ಹಾಕಿಯೂ ಮಲಗಲ್ಲ. ಅಣ್ಣ ತಲೆ ಎತ್ತಲಿಲ್ಲ, ಅಪ್ಪಾ, ನಾನು ನಿನ್ನ ಹೊಟ್ಟೆ ಮೇಲೆ ಹೊಡೀತಿಲ್ಲ, ಹೋದ ತಿಂಗಳು ಅಂಗಿ ತೋಳು ಫ್ಯಾನಿಗೆ ಸಿಕ್ತಲ್ಲ, ಅದು ತೋಳು, ನಾಳೆ ಕೈ. ಅಣ್ಣ ಕೆಟ್ಟವನಲ್ಲ, ದೊಡ್ಡ ಶೋರೂಮಿನಲ್ಲಿ ಸರ್ವಿಸ್ ಕೌಂಟರಿನ ಹಿಂದೆ ನಿಲ್ಲುತ್ತಾನೆ, ಇಸ್ತ್ರಿ ಮಾಡಿದ ಅಂಗಿ, ಕಂಪ್ಯೂಟರ್ ಹೇಳಿದ್ದನ್ನು ಗಿರಾಕಿಗೆ ಹೇಳುತ್ತಾನೆ, ಅಪ್ಪನ ಕನ್ನಡಕ ಮಸುಕಾಗಿದ್ದರೆ ಕೇಳದೆಯೇ ತೆಗೆದು ತನ್ನ ಅಂಗಿಯ ತುದಿಯಿಂದ ಒರೆಸಿ ಮತ್ತೆ ಮೂಗಿನ ಮೇಲಿಡುತ್ತಾನೆ, ಆದರೆ ನಿನ್ನ ಟಿಕ್ ಟಿಕ್ ಎಲ್ಲ ಕಿವಿ ಒಳಗಿಂದು ಕಣಪ್ಪಾ, ವಯಸ್ಸಾದ್ಮೇಲೆ ಎಲ್ಲರಿಗೂ ಏನಾದ್ರೂ ಒಂದು ಕೇಳಿಸ್ತಾ ಇರುತ್ತೆ ಅಂದದ್ದೂ ಅವನೇ. ಅಪ್ಪ ಸಾರಿನೊಳಗೆ ಅನ್ನ ಕಲೆಸುತ್ತಲೇ ಇದ್ದ, ಕಲೆಸುತ್ತಲೇ ಇದ್ದ, ತುತ್ತು ಎತ್ತಲಿಲ್ಲ. ಆಗ ನನಗೆ ಭಯವಾದದ್ದು ಬೀಗದ ಕೈಗಲ್ಲ, ಅಪ್ಪ ನನ್ನತ್ತ ಒಂದು ಸಲ ನೋಡಿದ್ದಕ್ಕೆ, ನಿನಗಾದ್ರೂ ಕೇಳಿಸಿತ್ತಾ ಎಂಬ ಹಾಗೆ, ನಾನು ಸುಳ್ಳು ಹೇಳಲಾರದೆ ನೀರಿನ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದದ್ದಕ್ಕೆ.

ಹಿಂಬಾಗಿಲ ಅಗುಳಿ ಈಗಾಗಲೇ ತೆಗೆದಿದೆ. ಅಂಗಳದ ಕಲ್ಲು ತಣ್ಣಗಿದೆ, ತಂತಿಯ ಮೇಲೆ ಒಣಹಾಕಿದ ದುಪ್ಪಟಿ ತೆಗೆಯುವುದನ್ನೇ ಮರೆತಿದ್ದೇನೆ, ಎಲ್ಲವನ್ನೂ ಎರಡು ಸಲ ನೋಡಿದವಳಿಗೆ ಇಷ್ಟು ದೊಡ್ಡ ದುಪ್ಪಟಿ ಕಾಣಲಿಲ್ಲ ನೋಡು, ಅದರ ಹಿಂದೆ ನಿಂತರೆ ಶೆಡ್ಡು ಎದುರಿಗೇ, ಹತ್ತು ಹೆಜ್ಜೆ, ಶಟರು ಪೂರ್ತಿ ಮೇಲೆ, ಸದ್ಯ, ಹೊಗೆ ಹೊರಗೆ ಹೋಗುತ್ತಿದೆ, ಒಳಗೆ ಒಂದು ದೀಪವೂ ಇಲ್ಲ, ಬೇಕೆಂದೇ ಆರಿಸಿದ್ದಾನೆ, ನನಗೆ ಗೊತ್ತು, ಪ್ಲಗ್ಗಿಗೆ ಕಿಡಿ ಕಳಿಸುವ ಕಾಯಿಲ್ ಸೋರುತ್ತಿದೆಯೋ ಇಲ್ಲವೋ ನೋಡಲು ಕತ್ತಲೆಗಿಂತ ಒಳ್ಳೆಯ ಮೀಟರ್ ಇಲ್ಲ ಎಂದು ಎಲ್ಲರಿಗೂ ಹೇಳುವವನು, ನಾನು ಏಳು ವರ್ಷದವಳಿದ್ದಾಗ ಹೀಗೇ ದೀಪ ಆರಿಸಿ ನನ್ನನ್ನು ಖಾಲಿ ಬ್ಯಾಟರಿ ಡಬ್ಬದ ಮೇಲೆ ನಿಲ್ಲಿಸಿ, ಮುಟ್ಟಬೇಡ ಪುಟ್ಟೀ, ಕೈ ಹಿಂದೆ ಕಟ್ಕೋ, ಬರೀ ನೋಡು, ಎಂದು ಪಿಚಕಾರಿ ಬಾಟಲಿಯಿಂದ ಎಂಜಿನ್ ಮೇಲೆ ಒಂದಿಷ್ಟು ನೀರು ಚಿಮುಕಿಸಿದ್ದ, ಮೊದಲು ಏನೂ ಇಲ್ಲ, ಆಮೇಲೆ ಆ ಕಪ್ಪಿನೊಳಗೆ ಒಂದು ನೀಲಿ ಎಳೆ, ಸೂಜಿಯಿಂದ ಜಾರಿದ ರೇಷ್ಮೆ ದಾರದಷ್ಟು ಸಣ್ಣದು, ಹುಟ್ಟಿ ಸತ್ತು ಹುಟ್ಟಿ ಸತ್ತು, ಪ್ರತಿ ಸಲವೂ ಟಿಕ್, ನೋಡಿದ್ಯಾ, ಅದು ಪ್ಲಗ್ಗಿಗೆ ಹೋಗಬೇಕಾದ ಕಿಡಿ, ರಬ್ಬರ್ ಎಲ್ಲೋ ಬಿರುಕು ಬಿಟ್ಟಿದೆ, ಒಳಗೆ ಕೆಲಸ ಮಾಡೋದು ಬಿಟ್ಟು ಹೊರಗೆ ತಿರುಗೋಕೆ ಹೋಗ್ತಿದೆ, ನಿಮ್ಮಣ್ಣನ ಹಾಗೆ. ಅವತ್ತು ನಾನು ನಕ್ಕಿದ್ದೆ, ಕೈ ಹಿಂದೆ ಕಟ್ಟಿಕೊಂಡೇ.

ನಿನ್ನೆಯಲ್ಲ, ಇವತ್ತು ಮಧ್ಯಾಹ್ನವೇ, ನರ್ಸಕ್ಕ ಕಾರನ್ನು ಗೇಟಿನ ಒಳಗೆ ತರುವ ಮೊದಲೇ ಅಪ್ಪ ಕುರ್ಚಿಯಿಂದ ಎದ್ದು, ಕಾಯಿಲ್ ಲೀಕು ಅಂದಿದ್ದ. ಹೊರಗೆ ಬಸ್ಸು, ಪಕ್ಕದ ಮನೆಯಲ್ಲಿ ಟೈಲ್ಸ್ ಕೊಯ್ಯುವ ಯಂತ್ರ, ಅಷ್ಟರ ನಡುವೆ. ನರ್ಸಕ್ಕ ಇಳಿದು ಸೊಂಟಕ್ಕೆ ಕೈ ಇಟ್ಟುಕೊಂಡು, ಮೇಸ್ತ್ರಿ, ಏರು ಹತ್ತುವಾಗ ಮುಗ್ಗರಿಸುತ್ತೆ, ಮೊನ್ನೆ ಒಂದು ಹೆರಿಗೆಗೆ ಹೋಗ್ತಾ ಮೂರು ಕಡೆ ನಿಂತಿದೆ, ನಾಳೆ ಆರೂವರೆಗೆ ಬರ್ತೀನಿ, ಇನ್ನೊಂದು ಮನೇಲಿ ದಿನ ತುಂಬಿ ಕೂತಿದಾಳೆ, ಸ್ವಲ್ಪ ತಡಿಯಪ್ಪಾ, ಕಾಯಿಲ್ ರಿಪೇರಿ ಆಗ್ಲಿ ಅಂತ ಮಗೂಗೆ ಹೇಳೋಕಾಗುತ್ತಾ. ಅಪ್ಪ ನಕ್ಕು ಕೈಯಲ್ಲಿದ್ದ ಚಿಂದಿಯನ್ನು ಹೆಗಲಿಗೆ ಹಾಕಿಕೊಂಡ, ಆ ಚಿಂದಿ ಹೆಗಲಿಗೆ ಬಂದರೆ ಕೆಲಸ ಶುರು ಎಂದು ಅರ್ಥ. ತಾನೊಬ್ಬನೇ ಆಗಿದ್ದರೆ ಒಂದೊಂದು ಕಾಯಿಲಿನ ಕನೆಕ್ಟರನ್ನೂ ಬಿಡಿಸಿ ಎಂಜಿನ್ ಸದ್ದು ಕೇಳುತ್ತಿದ್ದ, ಯಾವುದನ್ನು ಬಿಡಿಸಿದರೂ ಸದ್ದು ಬದಲಾಗದಿದ್ದರೆ ಅದೇ ಸತ್ತದ್ದು, ನಲವತ್ತು ವರ್ಷದಿಂದ ಅದೇ ಕ್ರಮ, ಆದರೆ ಅಣ್ಣ ಬಂದಿದ್ದನಲ್ಲ, ಕಾರಿನ ದೋಷ ಓದಿ ಹೇಳುವ, ತಾನೇ ತಂದುಕೊಟ್ಟ ಪುಟ್ಟ ಪೆಟ್ಟಿಗೆಯನ್ನು ಸ್ಟಿಯರಿಂಗ್ ಕೆಳಗೆ ಚುಚ್ಚಿ, ಇದಿರುವಾಗ ಕಿವಿ ಯಾಕಪ್ಪಾ ಸುಮ್ನೆ, ಎಂದ, ಅಕ್ಷರ ಸಣ್ಣದು, ಅಪ್ಪನಿಗೆ ಕಾಣುವುದಿಲ್ಲ, ನಾನೇ ಓದಿದೆ, ಮೂರನೇ ಸಿಲಿಂಡರ್, ಕಿಡಿ ತಪ್ಪುತ್ತಿದೆ. ಅಪ್ಪ ಬಗ್ಗಿ ಕನೆಕ್ಟರುಗಳಿಗೆ ನಾನು ಅಂಟಿಸಿದ್ದ ನಂಬರಿನ ಚೀಟಿಗಳನ್ನು ಬೆರಳಿಂದ ಹುಡುಕಿದ, ಮೂರು ಎಂದು ಬರೆದದ್ದನ್ನು ಕಣ್ಣಿನ ಹತ್ತಿರ ತಂದು ನೋಡಿದ, ಹಳೆಯ ಕಾಯಿಲ್ ಬಿಚ್ಚಿದ, ಹೊಸದನ್ನು ಕೂರಿಸಿದ, ಕ್ಲಿಕ್, ಎಂಜಿನ್ ಶುರು ಮಾಡಿದರೆ — ಅದೇ ಕುಂಟು. ಪೆಟ್ಟಿಗೆಯಲ್ಲಿ ಮತ್ತೆ ಅದೇ ಮೂರು. ಅಣ್ಣ ಕೈ ಕೊಡವಿದ, ನೋಡಿದ್ಯಾ, ಹೊಸ ಕಾಯಿಲ್ ಹಾಕಿದ್ಮೇಲೂ ಮೂರೇ ಅಂತಿದೆ, ಅಂದ್ರೆ ಕಾಯಿಲ್ ಅಲ್ಲವೇ ಅಲ್ಲ, ವೈರಿಂಗು, ಇಲ್ಲ ಕಂಪ್ಯೂಟರು, ನಮ್ಮಲ್ಲಿಗೆ ಕಳಿಸೋದು ಒಳ್ಳೇದು. ಆ ಮಾತಿಗೆ ಎದುರಾಡಲು ಎಲ್ಲೂ ಸಂದು ಇರಲಿಲ್ಲ, ಅದೇ ಸಂಕಟ, ಅಪ್ಪ ಹೆಗಲ ಮೇಲಿನ ಚಿಂದಿಯನ್ನು ತೆಗೆದು ಮಡಿಸಿ ಬಾನೆಟ್ ಅಂಚಿಗೆ ಇಟ್ಟ. ಮಡಿಸಿದ ಚಿಂದಿಯನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಚೀಟಿಗಳು ನನ್ನವು. ಅಪ್ಪನ ಒಂದು ಕಣ್ಣಿಗೆ ಆಪರೇಷನ್ ಆದ ಮೇಲೆ ಶುರು ಮಾಡಿದ್ದು, ಕಾಲೇಜಿನ ಲೈಬ್ರರಿಯಲ್ಲಿ ಹಗಲೆಲ್ಲ ಪುಸ್ತಕದ ಬೆನ್ನಿಗೆ ನಂಬರು ಅಂಟಿಸುವವಳು ನಾನು, ಅದೇ ಬಿಳಿ ಚೀಟಿಯ ಸುರುಳಿಯೊಂದನ್ನು ಅಂಗಡಿಯಿಂದ ತಂದು ಮನೆಯಲ್ಲಿಟ್ಟಿದ್ದೇನೆ, ಬೆಳಗಿನ ಮಾತ್ರೆ, ರಾತ್ರಿಯ ಮಾತ್ರೆ, ಉಪ್ಪು, ಸಕ್ಕರೆ, ಮೀಟರಿನ ಕೆಂಪು ವೈರು, ಕಪ್ಪು ವೈರು, ಅಣ್ಣ ಒಮ್ಮೆ ತನ್ನ ಹಣೆ ತೋರಿಸಿ ಇಲ್ಲೂ ಒಂದು ಅಂಟಿಸ್ಬಿಡು, ಅಣ್ಣ ಅಂತ, ಮರ್ತೀಯ ಎಂದಿದ್ದ, ಆದರೆ ಅಪ್ಪ ನಗಲಿಲ್ಲ, ಒಂದೊಂದು ಚೀಟಿಯನ್ನೂ ಹೆಬ್ಬೆರಳಿಂದ ಸವರಿ, ನಿನ್ನ ಚೀಟಿ ಇದ್ರೆ ನನಗೆ ಕಣ್ಣಿದ್ದ ಹಾಗೇ ಪುಟ್ಟೀ, ಎಂದ. ಅಂದಿನಿಂದ ಶೆಡ್ಡಿಗೆ ಬಂದ ಪ್ರತಿಯೊಂದು ಕಾರಿಗೂ, ಕೆಲಸಕ್ಕೆ ಮುಂಚೆ, ನಾನು ಬಾನೆಟ್ ಮುಂದೆ ನಿಂತು ಸಿಲಿಂಡರಿಗೊಂದರಂತೆ ಇರುವ ನಾಲ್ಕು ಕನೆಕ್ಟರುಗಳ ಕತ್ತಿಗೆ ನಾಲ್ಕು ಚೀಟಿ ಅಂಟಿಸುತ್ತೇನೆ, ಒಂದು, ಎರಡು, ಮೂರು, ನಾಲ್ಕು, ಒಂದೊಂದನ್ನೂ ಎರಡು ಸಲ ಒತ್ತುತ್ತೇನೆ. ತಪ್ಪು ಎಲ್ಲಿಂದ ಬರಬೇಕು. ಸಂಜೆಯೆಲ್ಲ ನಾನು ಅಪ್ಪನ ಕಿವಿಯ ಬಗ್ಗೆ, ಅಪ್ಪನ ಕೈಯ ಬಗ್ಗೆ, ಅಪ್ಪನ ವಯಸ್ಸಿನ ಬಗ್ಗೆ ಹೆದರಿದೆ, ಚೀಟಿಯ ಬಗ್ಗೆ ಹೆದರುವುದು ಹೊಳೆಯಲೇ ಇಲ್ಲ, ಯಾವುದಕ್ಕಾದರೂ ಹೆದರಬಲ್ಲವಳಿಗೆ.

ಟಿಕ್ ಟಿಕ್ ಟಿಕ್, ಈಗ ಜೋರಾಗಿ, ಪಿಚಕಾರಿ ಬಾಟಲಿಯ ಚುಸ್ ಎಂಬ ಸದ್ದು ಕೇಳಿಸಿತು, ನೀರು ಬಿದ್ದ ಕೂಡಲೇ ಕಿಡಿಗೆ ಇನ್ನೂ ಸಲೀಸು, ನಾನು ದುಪ್ಪಟಿಯ ಹಿಂದಿನಿಂದ ಹೊರಬಂದು ಶೆಡ್ಡಿನ ಕಂಬದವರೆಗೆ ಹೋದೆ, ಎಂಜಿನ್ ಸದ್ದಿನಲ್ಲಿ ನನ್ನ ಹೆಜ್ಜೆ ಯಾರಿಗೆ ಕೇಳುತ್ತದೆ, ಕಾರಿನ ಮೂತಿ ನನ್ನತ್ತಲೇ ಇದೆ, ಬಾನೆಟ್ ಬಾಯಿ ತೆರೆದುಕೊಂಡಿದೆ, ಒಳಗೆ ಕಗ್ಗತ್ತಲು, ಆ ಕತ್ತಲೊಳಗೆ — ಇತ್ತು. ನೀಲಿ ಎಳೆ. ಅದೇ, ಏಳು ವರ್ಷದವಳು ಕಂಡದ್ದೇ, ಇಷ್ಟು ವರ್ಷದಲ್ಲಿ ಒಂಚೂರೂ ದಪ್ಪವಾಗಿಲ್ಲ, ಕಾಯಿಲಿನ ಕತ್ತಿನಿಂದ ಪಕ್ಕದ ಲೋಹಕ್ಕೆ ಹಾರಿ ಸಾಯುತ್ತಿದೆ, ಹಾರಿ ಸಾಯುತ್ತಿದೆ, ವೈರಿಂಗ್ ಅಲ್ಲ, ಕಂಪ್ಯೂಟರ್ ಅಲ್ಲ, ಗೇಟಿನ ಹೊರಗಿರುವಾಗಲೇ ಅಪ್ಪ ಹೇಳಿದ ಕಾಯಿಲ್, ಅಯ್ಯೋ ಅಪ್ಪಾ, ನಿನ್ನ ಕಿವಿಗೆ ಏನೂ ಆಗಿಲ್ಲ, ಕೂಗಿ ಹೇಳಬೇಕೆನಿಸಿತು, ಅಣ್ಣನನ್ನು ಎಬ್ಬಿಸಿ ಕರೆತಂದು ಇಲ್ಲಿ ನಿಲ್ಲಿಸಬೇಕೆನಿಸಿತು, ಕಂಬವನ್ನು ಹಿಡಿದುಕೊಂಡು ಅಲ್ಲೇ ನಿಂತೆ. ಆಮೇಲೆ, ಅಭ್ಯಾಸವಲ್ಲವೇ, ಎಣಿಸಿದೆ. ಎಡದಿಂದ ಒಂದು, ಎರಡು. ಎಳೆ ಎರಡರ ಹತ್ತಿರ. ಎರಡು ಹೇಗಾದೀತು, ಪೆಟ್ಟಿಗೆ ಮೂರು ಎಂದಿತ್ತು, ನಾನೇ ಓದಿದ್ದು, ಎರಡು ಸಲ ಓದಿದ್ದು.

ಕತ್ತಲಲ್ಲಿ ಅಪ್ಪನ ಕೈ ಕಾಣಿಸುವುದಿಲ್ಲ, ಕೈಯಲ್ಲಿರುವ ಮರದ ಸ್ಕೇಲು ಕಾಣಿಸುತ್ತದೆ, ನನ್ನ ಶಾಲೆಯ ದಿನದ್ದು, ಅದರ ತುದಿ ಎಂಜಿನ್ನಿನ ಬಲತುದಿಗೆ ಹೋಗಿ ಬೆಲ್ಟಿನ ಕವಚವನ್ನು ತಟ್ಟಿತು, ಟಕ್ ಟಕ್, ಇಲ್ಲಿ ಬೆಲ್ಟು, ಎಂದ ಅಪ್ಪ, ಎಂಜಿನ್ನಿಗೆ ಕೇಳಬೇಕೆಂಬ ಹಾಗೆ ಗಟ್ಟಿಯಾಗಿ, ಬೆಲ್ಟ್ ಇರೋ ಕಡೆಯಿಂದ ಒಂದು, ಎರಡು, ಸ್ಕೇಲು ಎಡಕ್ಕೆ ಸರಿಯುತ್ತಾ ಬಂದು, ಮೂರು — ನೀಲಿ ಎಳೆಯ ಪಕ್ಕದಲ್ಲಿ ನಿಂತಿತು. ಬೆಲ್ಟ್ ಇರುವ ಕಡೆಯಿಂದ ಒಂದು. ಸಿಲಿಂಡರನ್ನು ಎಣಿಸುವುದು ಹಾಗೆ ಎಂದು ಅಪ್ಪನೇ ಹೇಳಿಕೊಟ್ಟದ್ದು, ನಮ್ಮ ಶೆಡ್ಡಿಗೆ ಬರುವ ಕಾರುಗಳಲ್ಲಿ ಬಾನೆಟ್ ಮುಂದೆ ನಿಂತರೆ ಬೆಲ್ಟ್ ಯಾವಾಗಲೂ ಎಡಗಡೆ, ಮೂವತ್ತು ಕಾರಿಗೂ ಎಡಗಡೆ, ಹಾಗಾಗಿ ನಾನು ಬೆಲ್ಟನ್ನು ನೋಡುವುದನ್ನೇ ಬಿಟ್ಟಿದ್ದೆ, ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ಎಡದಿಂದ ಬಲಕ್ಕೆ ಬರೆದುಕೊಂಡು ಹೋಗುತ್ತಿದ್ದೆ, ನರ್ಸಕ್ಕನ ಈ ಹಳೆಯ ಕಾರಿಗೆ ಎಂಜಿನ್ನನ್ನು ತಿರುಗಿಸಿ ಕೂರಿಸಿದ್ದಾರೆ, ಬೆಲ್ಟ್ ಬಲಗಡೆ, ನನ್ನ ಒಂದು ಅದರ ನಾಲ್ಕು, ನನ್ನ ಎರಡು ಅದರ ಮೂರು, ನಾನು ಮೂರು ಎಂದು ಬರೆದು ಎರಡು ಸಲ ಒತ್ತಿದ ಜಾಗದಲ್ಲಿದ್ದದ್ದು ಆರೋಗ್ಯವಾಗಿದ್ದ ಎರಡನೆಯದು. ಅಪ್ಪ ಒಳ್ಳೆಯ ಕಾಯಿಲನ್ನು ಬಿಚ್ಚಿ ಹೊಸದನ್ನು ಹಾಕಿದ, ನನ್ನ ಮಾತು ಕೇಳಿ. ತನ್ನ ಕೈಯಿಂದ ಬೆಲ್ಟ್ ಮುಟ್ಟಿ ನೋಡಿದ್ದರೆ ಅರೆಕ್ಷಣದ ಕೆಲಸ, ನೋಡಲಿಲ್ಲ, ಚೀಟಿ ಇತ್ತಲ್ಲ. ಊಟದ ಮೇಜಿನ ಮೇಲಿನ ಬೀಗದ ಕೈ ನೆನಪಾಯಿತು, ಅಪ್ಪನ ಕೈಯಿಂದ ಅದನ್ನು ಅಲ್ಲಿಡಿಸಿದ್ದು ಅಣ್ಣನಲ್ಲ, ನಾನು.

ಎಂಜಿನ್ ನಿಂತಿತು. ಟಾರ್ಚು ಹತ್ತಿತು, ಅಪ್ಪ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಗ್ಗಿದ, ಬೆಳಕು ಬಿಳಿ ಚೀಟಿಯ ಮೇಲೆ ಬಿತ್ತು, ಎರಡು, ಪಕ್ಕಕ್ಕೆ ಸರಿಯಿತು, ಮೂರು, ನಾಲ್ಕು, ಹಿಂದಕ್ಕೆ ಬಂದು ಒಂದು, ಬಹಳ ಹೊತ್ತು ಅಲ್ಲೇ ನಿಂತಿತು. ಟಾರ್ಚನ್ನು ಬಾಯಿಂದ ತೆಗೆದು ಸ್ಟೂಲಿನ ಮೇಲೆ ಕೂತ, ಭುಜ ಅಲುಗತೊಡಗಿತು, ಅಳುತ್ತಿದ್ದಾನೆ, ನಾನು ಮಾಡಿದ ಕೆಲಸಕ್ಕೆ ಅಪ್ಪ ಅಳುತ್ತಿದ್ದಾನೆ, ಒಂದು ಹೆಜ್ಜೆ ಮುಂದಿಟ್ಟೇಬಿಟ್ಟೆ, ಅಷ್ಟರಲ್ಲಿ ಸದ್ದು ಬಂತು, ಮೂಗಿನಿಂದ ಬರುವ ಅವನ ಹಳೆಯ ನಗು, ಅಮ್ಮ ಇದ್ದಾಗ ಅವಳನ್ನು ಸಿಟ್ಟಿಗೆಬ್ಬಿಸುತ್ತಿದ್ದ ನಗು, ಅಯ್ಯೋ ನನ್ನ ಕಂದಾ, ಕಾರನ್ನ ಲೈಬ್ರರಿ ಮಾಡ್ಬಿಟ್ಟಿದೀಯಲ್ಲೇ, ಎಂದು ಖಾಲಿ ಶೆಡ್ಡಿಗೆ ಹೇಳಿದ, ಅಕ್ಷರ ಮಾತ್ರ ಮುತ್ತು. ನಾನು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಅಪ್ಪ ಎದ್ದು ಮಡಿಸಿಟ್ಟಿದ್ದ ಚಿಂದಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. ಬಿರುಕುಬಿಟ್ಟ ಕಾಯಿಲನ್ನು ಎಳೆದು ತೆಗೆದ, ಸಂಜೆ ಬಿಚ್ಚಿಟ್ಟಿದ್ದ ಒಳ್ಳೆಯ ಕಾಯಿಲನ್ನು ಬೆಂಚಿನಿಂದ ತಂದು ಒರೆಸಿ ಅಲ್ಲಿ ಕೂರಿಸಿದ, ಕ್ಲಿಕ್, ಟಾರ್ಚ್ ಆರಿಸಿ ಕೀ ತಿರುಗಿಸಿದ, ಮತ್ತು ಎಂಜಿನ್, ಅಮ್ಮಾ, ಎಷ್ಟು ನಯವಾಗಿ, ನಾಲ್ಕು ಹೆಜ್ಜೆಗೆ ನಾಲ್ಕು ಹೆಜ್ಜೆ, ನಿದ್ದೆ ಹೋದ ಮಗುವಿನ ಉಸಿರಿನ ಹಾಗೆ. ಪಿಚಕಾರಿ ಚುಸ್ ಎಂದಿತು, ಇನ್ನೊಂದು ಸಲ ಚುಸ್, ನಾನು ಉಸಿರು ಹಿಡಿದು ಕತ್ತಲನ್ನೇ ನೋಡಿದೆ, ಟಿಕ್ ಇಲ್ಲ, ನೀಲಿ ಇಲ್ಲ, ಇಷ್ಟು ಚೆಂದದ ಬರೀ ಕತ್ತಲನ್ನು ನಾನು ಕಂಡೇ ಇಲ್ಲ.

ಈಗ ಒಳಗೆ ಹೋಗಿ ಹೇಳಬೇಕು, ಅಪ್ಪಾ, ತಪ್ಪು ನಂದು, ಮಾತು ಆಗಲೇ ನಾಲಿಗೆಯ ತುದಿಯಲ್ಲಿದೆ, ಅಲ್ಲಿಯೇ ಅದರ ವಾಸ, ಒಂಬತ್ತು ವರ್ಷದವಳಿದ್ದಾಗ ಮೀಟರಿನ ಮುಳ್ಳು ಮುರಿದು, ಅಪ್ಪ ಚಪ್ಪಲಿ ಬಿಡುವ ಮೊದಲೇ ಅದನ್ನು ಹಿಡಿದುಕೊಂಡು ಗೇಟಿನ ಬಳಿ ನಿಂತಿದ್ದೆನಂತೆ, ಇವಳಿಗೆ ತಪ್ಪು ಮಾಡೋದಕ್ಕಿಂತ ಒಪ್ಪಿಕೊಳ್ಳೋದಕ್ಕೇ ಅವಸರ ಎಂದು ಈಗಲೂ ಹೇಳಿ ನಗುತ್ತಾನೆ, ಹೋದ ವರ್ಷ ಒಂದು ಪುಸ್ತಕ ಬೇರೆ ಕಪಾಟಿಗೆ ಹೋದದ್ದಕ್ಕೆ ಪ್ರಿನ್ಸಿಪಾಲರಿಗೆ ಪತ್ರ ಬರೆದಿದ್ದೆ, ಅವರು ಅದನ್ನು ಮೇಜಿನ ಗಾಜಿನಡಿ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಾರೆ. ಕಂಬ ಬಿಟ್ಟು ಹೊರಟೆ. ಆಗ ಟಾರ್ಚು ಮತ್ತೆ ಹತ್ತಿತು. ಅಪ್ಪ ಎಡಗೈ ಹೆಬ್ಬೆರಳ ಉಗುರಿನಿಂದ, ಗ್ರೀಸಿನ ಕಪ್ಪು ಎಂದೂ ಬಿಡದ ಆ ಉಗುರಿನಿಂದ, ಎರಡು ಎಂಬ ಚೀಟಿಯ ಮೂಲೆಯನ್ನು ಎಬ್ಬಿಸುತ್ತಿದ್ದ. ಹರಿಯದ ಹಾಗೆ, ಇಷ್ಟಿಷ್ಟೇ. ಎತ್ತಿ ತನ್ನ ಮುಂಗೈಗೆ ಅಂಟಿಸಿಕೊಂಡ. ಮೂರನ್ನು ಎಬ್ಬಿಸಿದ, ಎರಡಿದ್ದ ಜಾಗಕ್ಕೆ ತಂದ, ಮುಂಗೈಯಿಂದ ಎರಡನ್ನು ತೆಗೆದು ಮೂರಿದ್ದ ಜಾಗಕ್ಕೆ. ಆಮೇಲೆ ಒಂದು, ಆಮೇಲೆ ನಾಲ್ಕು. ಒಂದೊಂದನ್ನೂ ಹೆಬ್ಬೆರಳಿಂದ ಎರಡು ಸಲ ಒತ್ತಿದ, ನಾನು ಒತ್ತುವ ಹಾಗೆ, ಸುರುಳಿ ಡ್ರಾಯರಿನಲ್ಲೇ ಇತ್ತು, ಹೊಸದಾಗಿ ಬರೆದು ಅಂಟಿಸಬಹುದಿತ್ತು, ಆದರೆ ಅವನ ಕೈಬರಹ ನನಗೆ ಗೊತ್ತಾಗುತ್ತಿತ್ತಲ್ಲ, ನನ್ನವೇ ಬೇಕಿತ್ತು, ಬೆಳಗ್ಗೆ ನಾನು ಬಂದು ನೋಡಿದರೆ ನಾನು ಬರೆದ ಹಾಗೇ ಇರಬೇಕಿತ್ತು, ಮೊದಲಿಂದಲೂ ಸರಿಯಾಗಿಯೇ ಇದ್ದ ಹಾಗೆ. ಗೊತ್ತಾದರೆ ಇವಳು ಇನ್ನೊಂದು ಚೀಟಿ ಬರೆಯುವುದಿಲ್ಲ ಎಂದು ಅಪ್ಪನಿಗೆ ಗೊತ್ತು. ನಾಲಿಗೆಯ ತುದಿಯಲ್ಲಿದ್ದ ಮಾತು ಅಲ್ಲಿಂದ ಎಲ್ಲಿಗೆ ಹೋಯಿತೋ.

ದುಪ್ಪಟಿಯನ್ನು ತಂತಿಯ ಮೇಲೆಯೇ ಬಿಟ್ಟು ಬಂದೆ, ತೆಗೆದರೆ ಯಾರೋ ಬಂದಿದ್ದರೆಂದು ಗೊತ್ತಾಗುತ್ತದೆ, ಮಲಗಿ ಕುತ್ತಿಗೆಯವರೆಗೆ ಹೊದೆದುಕೊಂಡೆ, ಅಂಗಾಲಿಗೆ ಅಂಗಳದ ತಂಪು ಇನ್ನೂ ಅಂಟಿಕೊಂಡಿದೆ. ಶಟರು ಇಳಿಯಿತು, ಅಗುಳಿ, ಹೂಜಿಯಿಂದ ನೀರು ಬಗ್ಗಿಸಿದ ಸದ್ದು, ಆಮೇಲೆ ಅಡುಗೆಮನೆಯಲ್ಲಿ ಮೊಳೆಗೆ ಕಬ್ಬಿಣ ತಾಗಿದ ಒಂದು ಸಣ್ಣ ಸದ್ದು, ಬೀಗದ ಕೈ ತನ್ನ ಜಾಗಕ್ಕೆ ಹೋಯಿತು, ಬೆಳಗಾಗುವುದನ್ನೂ ಕಾಯಲಿಲ್ಲ ನೋಡು, ನಗು ಬಂತು, ದಿಂಬಿಗೆ ಬಾಯಿ ಒತ್ತಿಕೊಂಡೆ. ಅಪ್ಪ ನನ್ನ ಬಾಗಿಲ ಬಳಿ ನಿಂತ, ನಾನು ನಿದ್ದೆಯ ಉಸಿರು ಬಿಟ್ಟೆ, ಹೋದ. ಆರೂವರೆಗೆ ನರ್ಸಕ್ಕ ಬರುತ್ತಾಳೆ, ಓ ಮೇಸ್ತ್ರಿ, ಇದು ನನ್ನ ಕಾರೇನಾ ಎನ್ನುತ್ತಾಳೆ, ಅಣ್ಣ ಹಲ್ಲುಜ್ಜುತ್ತಲೇ ಓಡಿ ಬರುತ್ತಾನೆ, ಏನಾಗಿತ್ತಪ್ಪಾ, ಏನಿಲ್ಲ ಕಣೋ, ಕನೆಕ್ಟರ್ ಸರಿಯಾಗಿ ಕೂತಿರಲಿಲ್ಲ, ನಾನೇ ನೋಡಿದ್ನಲ್ಲಪ್ಪಾ, ಕ್ಲಿಕ್ ಅಂತು, ಕ್ಲಿಕ್ ಅಂದಿದ್ದೆಲ್ಲ ಕೂತಿರುತ್ತೇನೋ, ನಿನ್ನನ್ನೂ ಶಾಲೆಗೆ ಕಳಿಸಿದ್ದೆ — ಹೀಗೇ ಹೇಳುತ್ತಾನೆ, ಅಷ್ಟು ಸಣ್ಣ ತಪ್ಪೊಂದನ್ನು ತನ್ನ ಹೆಗಲಿಗೆ ಚಿಂದಿಯ ಹಾಗೆ ಹಾಕಿಕೊಳ್ಳುತ್ತಾನೆ, ನಾನು ಕಾಫಿ ಲೋಟ ಹಿಡಿದು ನಿಂತಿರುತ್ತೇನೆ, ಕನೆಕ್ಟರಾ ಎನ್ನುತ್ತೇನೆ, ಅಷ್ಟೇ. ಮುಂದಿನ ಕಾರಿಗೆ ಮೊದಲು ಬೆಲ್ಟ್ ಎಲ್ಲಿದೆ ನೋಡುತ್ತೇನೆ, ಮುಟ್ಟಿ ನೋಡುತ್ತೇನೆ, ಆಮೇಲೆ ಬರೆಯುತ್ತೇನೆ, ಆದರೆ ಹೇಳುವುದಿಲ್ಲ, ಅಣ್ಣನಿಗಲ್ಲ, ಅಪ್ಪನಿಗಂತೂ ಅಲ್ಲವೇ ಅಲ್ಲ, ಪತ್ರ ಬರೆಯುವುದಿಲ್ಲ, ಗೇಟಿನ ಬಳಿ ನಿಲ್ಲುವುದಿಲ್ಲ, ಯಾರಿಗೂ ಇಲ್ಲ, ಎಂದೆಂದಿಗೂ ಇಲ್ಲ, ಮುಟ್ಟಬೇಡ ಪುಟ್ಟೀ, ಕೈ ಹಿಂದೆ ಕಟ್ಕೋ, ಬರೀ ನೋಡು — ರೆಪ್ಪೆ ಮುಚ್ಚಿದರೆ ಒಳಗೆಲ್ಲ ಕತ್ತಲು, ಕತ್ತಲ ನಡುವೆ, ಎಡದಿಂದ ಎರಡು, ಬೆಲ್ಟ್ ಇರುವ ಕಡೆಯಿಂದ ಮೂರು, ಆ ನೀಲಿ ಎಳೆ.